ನೀನು ಬಂದ ಮೇಲೆ

ಜೂನ್ ೩

ರೀ,

ತಲುಪಿದೆ. ಬಸ್ಸು ಸರಿಯಾದ ಹೊತ್ತಿಗೇ ಬಂತು, ನಾನೂ ಸರಿಯಾಗಿದ್ದೇನೆ, ಸರಿಯಿಲ್ಲದ್ದು ನಿಮ್ಮ ಸೂಟ್‌ಕೇಸ್ ಒಂದೇ. ಅದರ ಝಿಪ್ಪು ಹಾಳಾಗಿದೆ ಎಂದು ನಿಮಗೆ ಹೋದ ವರ್ಷದಿಂದಲೇ ಗೊತ್ತಿತ್ತಂತೆ, ನಿಮ್ಮ ಮಗಳು ಕಡ್ಡಿಯೇ ಹೇಳಿದಳು. ಗೊತ್ತಿದ್ದವರು ಒಂದು ದಿನ ಮೊದಲು ಬಾಯಿ ಬಿಟ್ಟಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ನನ್ನ ಬಟ್ಟೆಗಳು ಹೊರಬಂದು ಗಾಳಿ ಕುಡಿಯುತ್ತಿರಲಿಲ್ಲ. ಆಗಲೂ ನೀವು ಕೇಳಿದ್ದೇನು? "ಹಗ್ಗ ಕಟ್ಟೋಣ್ವಾ, ಬೇರೆ ಬ್ಯಾಗ್ ತರೋಣ್ವಾ, ನೀನೇ ಹೇಳು." ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳನ್ನು "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಿ ಚೆನ್ನಾಗಿ ಕಾಣುತ್ತಾ" ಎಂದು ಕೇಳಿ ಕೇಳಿ ನಿಮಗೆ ಮನೆಯಲ್ಲೂ ಅದೇ ಚಾಳಿ ಅಂಟಿಕೊಂಡಿದೆ.

ಒಪ್ಪಂದವನ್ನು ಇನ್ನೊಮ್ಮೆ ಬರೆಯುತ್ತೇನೆ, ಆಮೇಲೆ ಮರೆತೆ ಎನ್ನಬೇಡಿ. ಪರದೇಶದ ಕಡಲ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿರುವ ತೈಲದ ಅಟ್ಟದಲ್ಲಿ ಎಂಟು ವಾರ ಕ್ರೇನ್ ನಡೆಸುವುದು, ನಾಲ್ಕು ವಾರ ಮನೆ, ಮತ್ತೆ ಎಂಟು ವಾರ ಅಟ್ಟ. ಅದಕ್ಕೆ ಮೊದಲು ಇಲ್ಲಿ ಎಂಟು ವಾರ ತರಬೇತಿ. ಕೊನೆಯಲ್ಲಿ ಕಂಪನಿಯವರು ಸಹಿ ಕೇಳುತ್ತಾರೆ. ಭಾನುವಾರ ಮನೆಗೆ ಹೋಗಿ ಬರಬಹುದು ಎಂದು ಇಲ್ಲಿಯವರು ಹೇಳಿದ್ದಾರೆ, ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ನಾನು ಬರುವುದಿಲ್ಲ. ಇವತ್ತಿನಿಂದಲೇ ಕಡಲಿಗೆ ಹೋದಳು ಎಂದುಕೊಳ್ಳಿ. ನಾನಿಲ್ಲದೆ ಮನೆ ನಿಂತರೆ ಸಹಿ ಹಾಕುತ್ತೇನೆ. ನಿಲ್ಲದಿದ್ದರೆ ಬಂದರಿನವರು ನನ್ನ ಹಳೆಯ ಕ್ರೇನನ್ನು ಗುಜರಿಗೆ ಹಾಕಿದ ಮೇಲೆ ಕೊಡುವ ಗೇಟಿನ ಕೆಲಸವೇ ಗತಿ, ಕುರ್ಚಿಯಲ್ಲಿ ಕೂತು ಲಾರಿ ಎಣಿಸುತ್ತೇನೆ.

ಫೋನ್ ಬೇಡ. ಅಟ್ಟದಲ್ಲಿ ವಾರಕ್ಕೊಮ್ಮೆ ಸರದಿಯಲ್ಲಿ ನಿಂತು ಮಾತಾಡಬೇಕಂತೆ. ಹಿಂದೆ ಹತ್ತು ಜನ ಕಾಯುತ್ತಿರುವಾಗ ಗಂಡನನ್ನು ಬೈಯಲು ಆಗುವುದಿಲ್ಲ. ಪತ್ರದಲ್ಲಾದರೆ ಆರಾಮಾಗಿ ಬೈಯಬಹುದು.

ಅತ್ತೆ ಬಾಗಿಲವರೆಗೂ ಬರಲಿಲ್ಲ. ಕಿಟಕಿಯ ಪರದೆ ಅಲ್ಲಾಡಿದ್ದನ್ನು ನಾನು ನೋಡಿದೆ ಎಂದು ಅವರಿಗೆ ಹೇಳಿ.

ಇವಳು


ಜೂನ್ ೯

ಇವಳೇ,

ನಿನ್ನ ಪತ್ರ ಬಂತು. ಇಲ್ಲಿ ಎಲ್ಲವೂ ಚೆನ್ನಾಗಿದೆ. ಅನ್ನ ಚೆನ್ನಾಗಿ ಆಗುತ್ತಿದೆ, ಹಾಲು ಉಕ್ಕುತ್ತಿಲ್ಲ, ಕಡ್ಡಿ ಸರಿಯಾದ ಹೊತ್ತಿಗೆ ಶಾಲೆಗೆ ಹೋಗುತ್ತಿದ್ದಾಳೆ, ಅಮ್ಮ ಸರಿಯಾದ ಹೊತ್ತಿಗೆ ಮಾತ್ರೆ ನುಂಗುತ್ತಿದ್ದಾಳೆ, ಅಂಗಡಿಯೂ ಪರವಾಗಿಲ್ಲ. ನೀನು ಮನೆಯ ಚಿಂತೆ ಬಿಟ್ಟು ಕಲಿಯುವುದನ್ನು ಕಲಿ.

ಅಡುಗೆಮನೆಯ ನಲ್ಲಿ ಸ್ವಲ್ಪ ಸೋರುತ್ತಿದೆ. ವಾಷರ್ ಬದಲಿಸಿದರೆ ಸಾಕೋ, ನಲ್ಲಿಯನ್ನೇ ಬದಲಿಸಬೇಕೋ ಎಂದು ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಕೆಳಗೆ ಬಕೆಟ್ ಇಟ್ಟಿದ್ದೇನೆ. ನೀನು ಬಂದ ಮೇಲೆ ನೋಡೋಣ. ಕಡ್ಡಿಯ ಶಾಲೆಯವರು ಮುಂದಿನ ವರ್ಷಕ್ಕೆ ಚಿತ್ರಕಲೆಯೋ ಸಂಗೀತವೋ ಎಂದು ಕೇಳಿದ್ದಾರೆ. ಎರಡೂ ಒಳ್ಳೆಯದೇ. ಅದನ್ನೂ ನೀನು ಬಂದ ಮೇಲೆ ಮಾತಾಡೋಣ.

ಸೂಟ್‌ಕೇಸಿನ ವಿಷಯದಲ್ಲಿ ತಪ್ಪು ನನ್ನದೇ. ಹೇಳಬೇಕು ಎಂದುಕೊಂಡಿದ್ದೆ, ಆದರೆ ಹೇಳಿದರೆ ಹೊಸದು ಕೊಳ್ಳೋಣವೇ ಎಂದು ನೀನು ಕೇಳುತ್ತಿದ್ದೆ, ಆಗ ಯಾವುದು ಎಂಬ ಪ್ರಶ್ನೆ ಬರುತ್ತಿತ್ತು.

ಅಮ್ಮ ಪಕ್ಕದಲ್ಲೇ ಕೂತು ತನ್ನ ಮಾತನ್ನೂ ಸೇರಿಸು ಎನ್ನುತ್ತಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಕ್ರೇನಮ್ಮಂಗೆ ಬರಿ. ಪರದೆ ಅಲ್ಲಾಡಿದ್ದು ಗಾಳಿಗೆ. ನನಗೇನು ಬೇರೆ ಕೆಲಸ ಇಲ್ವಾ, ಇವಳು ಹೋಗೋದನ್ನ ನೋಡ್ತಾ ನಿಲ್ಲೋಕೆ? ಅಲ್ಲಿ ತಣ್ಣೀರಲ್ಲಿ ತಲೆ ನೆನೆಸ್ಬೇಡ ಅಂತಾನೂ ಬರಿ."

ಇವನು


ಜೂನ್ ೧೭

ರೀ,

ಎಲ್ಲವೂ ಚೆನ್ನಾಗಿದೆ ಎಂಬ ಪತ್ರ ಓದಿ ನನಗೆ ತಲೆ ಚಿಟ್ಟು ಹಿಡಿಯಿತು. ನಾನು ಮನೆಯಲ್ಲಿದ್ದಾಗ ಎಲ್ಲವೂ ಚೆನ್ನಾಗಿದ್ದ ಒಂದು ದಿನ ನೆನಪಿಲ್ಲ. ನಾನು ಹೊರಟ ತಕ್ಷಣ ಹಾಲೂ ಬುದ್ಧಿ ಕಲಿತುಬಿಟ್ಟಿತೇ? ನಲ್ಲಿ ಸೋರಿದರೆ ನಲ್ಲಿಯವನನ್ನು ಕರೆಯಿರಿ. ಅವನು ವಾಷರ್ ಎಂದರೆ ವಾಷರ್, ನಲ್ಲಿ ಎಂದರೆ ನಲ್ಲಿ. ಇದಕ್ಕೆ ಕಡಲಾಚೆಯಿಂದ ಹೆಂಡತಿ ಬರಬೇಕಾಗಿಲ್ಲ.

ಇಲ್ಲಿ ಈ ವಾರ ನಮ್ಮನ್ನು ಮುಳುಗಿಸಿದರು. ಹೆಲಿಕಾಪ್ಟರಿನ ಹಾಗೆ ಮಾಡಿದ ಒಂದು ತಗಡಿನ ಡಬ್ಬ, ಅದರೊಳಗೆ ನಮ್ಮನ್ನು ಬೆಲ್ಟ್ ಹಾಕಿ ಕೂರಿಸಿ ಈಜುಕೊಳಕ್ಕೆ ಇಳಿಸಿ ತಲೆಕೆಳಗು ಮಾಡುತ್ತಾರೆ. ಮೂಗಿನೊಳಗೆಲ್ಲ ನೀರು. ಡಬ್ಬ ತಿರುಗುವುದು ಪೂರ್ತಿ ನಿಂತ ಮೇಲೆಯೇ ಬೆಲ್ಟ್ ಬಿಚ್ಚಬೇಕು, ಅದಕ್ಕೆ ಮೊದಲು ಬಿಚ್ಚಿದರೆ ಯಾವ ಕಡೆ ಮೇಲು, ಯಾವ ಕಡೆ ಕೆಳಗು ತಿಳಿಯುವುದಿಲ್ಲ. ಮೊದಲ ಸಲ ನಾನು ಬೇಗ ಬಿಚ್ಚಿ, ಹೊರಗೆ ಹೋಗುವ ಬದಲು ತರಬೇತಿಯವನ ಕಾಲು ಹಿಡಿದುಕೊಂಡೆ. ಎರಡನೆಯ ಸಲವೂ ಹಾಗೇ. ಅವನು, "ಅಕ್ಕಾ, ಕಾಲು ಬಿಡಿ, ಕಿಟಕಿ ಹಿಡೀರಿ" ಎಂದ. ಮೂರನೆಯ ಸಲ ಹೊರಬಂದೆ. ಮೇಲೆ ಬಂದು ಉಸಿರೆಳೆದುಕೊಂಡಾಗ ಎಷ್ಟು ಖುಷಿಯಾಯಿತೆಂದರೆ, ಆ ಕ್ಷಣ ನೀವು ಎದುರಿಗಿದ್ದಿದ್ದರೆ ಆ ಸೂಟ್‌ಕೇಸನ್ನೂ ಕ್ಷಮಿಸಿಬಿಡುತ್ತಿದ್ದೆ.

ನನ್ನ ಕೋಣೆಯಲ್ಲಿರುವ ಇನ್ನೊಬ್ಬಳು ಅಡುಗೆಯವಳು, ಇಂಥ ಅಟ್ಟಗಳಲ್ಲಿ ಬಹಳ ವರ್ಷದಿಂದ ಬೇಯಿಸುತ್ತಿದ್ದಾಳೆ. ಪ್ರಮಾಣಪತ್ರದ ಅವಧಿ ಮುಗಿದು ಮತ್ತೆ ಮುಳುಗಲು ಬಂದಿದ್ದಾಳೆ. ಅವಳ ಗಂಡ, ಅವಳು ಮನೆಗೆ ಹೋಗುವ ಹೊತ್ತಿಗೆ ಎಂಟು ವಾರದ ಜಗಳಗಳನ್ನು ಜೋಡಿಸಿ ಇಟ್ಟಿರುತ್ತಾನಂತೆ. "ಮೊದಲನೇ ವಾರ ಜಗಳ ತೀರಿಸ್ತೀನಿ, ಎರಡನೇ ವಾರ ಬಟ್ಟೆ ಬೀರು ಜೋಡಿಸ್ತೀನಿ, ಮೂರನೇ ವಾರ ಅವನ ಮುಖ ನೋಡ್ತೀನಿ, ನಾಲ್ಕನೇ ವಾರ ಬ್ಯಾಗ್ ಕಟ್ತೀನಿ" ಎನ್ನುತ್ತಾಳೆ. ಹೇಳಿ ನಗುತ್ತಾಳೆ, ನನಗೆ ನಗು ಬರಲಿಲ್ಲ.

ನಿಜ ಬರೆಯಿರಿ. ಚೆನ್ನಾಗಿಲ್ಲದ್ದನ್ನು ಒಂದಾದರೂ ಬರೆಯಿರಿ.

ಇವಳು


ಜೂನ್ ೨೬

ಇವಳೇ,

ಚೆನ್ನಾಗಿಲ್ಲದ್ದನ್ನು ಬರೆ ಎಂದಿದ್ದೀಯ. ಯೋಚಿಸಿದೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮುಂದಿನ ಕೋಣೆಯ ದೀಪ ಹೋಗಿದೆ. ಹಳದಿ ಬೆಳಕಿನದು ಹಾಕುವುದೋ ಬಿಳಿಯದು ಹಾಕುವುದೋ ನೀನು ಬಂದ ಮೇಲೆ ತೀರ್ಮಾನಿಸೋಣ ಎಂದು ಅಲ್ಲಿ ಕೂರುವುದನ್ನೇ ಬಿಟ್ಟಿದ್ದೇವೆ. ಏನೂ ತೊಂದರೆಯಿಲ್ಲ. ಪಕ್ಕದ ಮನೆಯವರು ಗೋಡೆಯನ್ನು ಒಂದು ಗೇಣು ಈಚೆಗೆ ಕಟ್ಟುವ ಹಾಗಿದೆ. ಅವರ ಹತ್ತಿರ ಮಾತಾಡಿದೆ. ಹೌದು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ, ಸಂಬಂಧ ಕೆಡಬಾರದು ನೋಡು.

ಕಡ್ಡಿ ಊಟ ಸ್ವಲ್ಪ ಕಡಿಮೆ ಮಾಡಿದ್ದಾಳೆ. ನಿನ್ನ ನೆನಪಿರಬೇಕು. ಹಾಲು, ಗಂಜಿ ಕುಡಿಯುತ್ತಾಳೆ. ಚಿಂತೆ ಮಾಡಬೇಡ.

ನೀನು ನೀರಿನೊಳಗೆ ತಲೆಕೆಳಗಾದದ್ದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನಾನು ಎರಡು ಸಲ ಓದಿದೆ.

ಇವನು


ಜುಲೈ ೩

ಕಡ್ಡಿ,

ನಿನ್ನಪ್ಪನ ಪತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದೆ. ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಇಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಊಟ ಯಾಕೆ ಬಿಟ್ಟೆ? ನನ್ನ ನೆನಪಿಗೆ ಊಟ ಬಿಡುವ ಜಾತಿಯವಳಲ್ಲ ನೀನು. ಹೋದ ವರ್ಷ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದಲ್ಲೇ ಕೂತು ನನ್ನ ಪಾಲಿನ ಬ್ರೆಡ್ಡನ್ನೂ ತಿಂದವಳು.

ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ? ಜ್ವರವೇ? ಅಜ್ಜಿ ಬೈದರೇ? ಯಾರನ್ನೂ ಕಾಪಾಡಲು ಹೋಗಬೇಡ, ಇದ್ದದ್ದನ್ನು ಇದ್ದ ಹಾಗೆ ಬರಿ. ಸುಳ್ಳು ಬರೆದರೆ ನಿನ್ನ ಅಕ್ಷರದಲ್ಲೇ ಗೊತ್ತಾಗುತ್ತದೆ. ಸುಳ್ಳು ಬರೆಯುವಾಗ ಮಾತ್ರ ನೀನು ದುಂಡಗೆ ಬರೆಯುತ್ತೀಯ.

ಅಮ್ಮ


ಜುಲೈ ೮

ಅಮ್ಮಾ,

ನಿಜ ಬರೆಯುತ್ತೇನೆ, ಆದರೆ ಅಪ್ಪನ ಮೇಲೆ ಎಗರಾಡಬೇಡ.

ನನಗೆ ಹಲ್ಲು ನೋವು. ನೀನು ಹೋದ ಎರಡನೇ ವಾರ ಶುರುವಾಯಿತು. ಬಲಗಡೆ ಕೆಳಗೆ, ಹಿಂದಿನದು. ಅಪ್ಪ, "ಈಗ್ಲೇ ಡಾಕ್ಟ್ರ ಹತ್ರ ಹೋಗೋಣ್ವಾ, ಅಮ್ಮ ಬಂದ್ಮೇಲೆ ಹೋಗೋಣ್ವಾ, ನೀನೇ ಹೇಳು" ಎಂದರು. ನಾನು ಅಮ್ಮ ಬಂದ ಮೇಲೆ ಎಂದೆ. ಅವರು ನೋವಿನ ಮಾತ್ರೆ ತಂದುಕೊಟ್ಟರು. ಮಾತ್ರೆ ನುಂಗಿದರೆ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಮೊನ್ನೆಯಿಂದ ಕೆನ್ನೆ ಬನ್ನಿನ ಹಾಗೆ ಊದಿದೆ. ಅಜ್ಜಿ, "ಅಂತೂ ಒಂದು ಕಡೆಯಾದ್ರೂ ಮೈ ಹಿಡೀತು" ಎಂದರು, ಆಮೇಲೆ ಅಪ್ಪನನ್ನು ಬೈದರು. ಅಪ್ಪ ಇಡೀ ದಿನ ಅಂಗಡಿಯಲ್ಲಿ ಒಂದೇ ಗಾಜನ್ನು ಒರೆಸುತ್ತಾ ಕೂತಿದ್ದರು.

ಇಲ್ಲಿ ಎಲ್ಲವೂ ನಿನಗಾಗಿ ಕಾಯುತ್ತಿದೆ ಅಮ್ಮ. ಬಕೆಟ್ಟು ತುಂಬುತ್ತದೆ, ಅಪ್ಪ ಚೆಲ್ಲಿ ಮತ್ತೆ ಇಡುತ್ತಾರೆ. ನನ್ನ ಶಾಲೆಯ ಬೂಟು ಬಾಯಿ ಬಿಟ್ಟಿದೆ. ಅಜ್ಜಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಏನು ಕೇಳಿದರೂ ಅಪ್ಪನದು ಒಂದೇ ಉತ್ತರ, ಅವಳು ಬಂದ ಮೇಲೆ. ನೀನು ಬಂದ ದಿನ ಚಪ್ಪಲಿ ಬಿಡಲೂ ಬಿಡುವಿರುವುದಿಲ್ಲ ನೋಡು.

ನಿನಗೆ ಬರೆಯಬೇಡ ಎಂದು ಅಪ್ಪ ಹೇಳಿರಲಿಲ್ಲ. ಬರೆಯಬೇಡಿ ಎಂದು ನಾನೇ ಅಪ್ಪನಿಗೆ ಹೇಳಿದ್ದೆ. ಮನೆ ನಿಲ್ಲದಿದ್ದರೆ ಸಹಿ ಹಾಕಲ್ಲ ಎಂದು ನೀನು ಹೇಳಿದ್ದೀಯಲ್ಲ. ನೀನು ಹೋಗುವುದು ನನಗೆ ಇಷ್ಟವಿಲ್ಲ, ಒಂಚೂರೂ ಇಷ್ಟವಿಲ್ಲ. ಆದರೆ ನೀನು ನನ್ನ ಹಲ್ಲಿನಿಂದಾಗಿ ಹೋಗದೆ ಉಳಿಯುವುದು ಇನ್ನೂ ಇಷ್ಟವಿಲ್ಲ. ಆಮೇಲೆ ಜೀವನಪೂರ್ತಿ ನೀನು ನನ್ನ ಬಾಯನ್ನೇ ನೋಡುತ್ತಿರುತ್ತೀಯ.

ಇದನ್ನು ದುಂಡಗೆ ಬರೆದಿಲ್ಲ, ನೋಡಿಕೋ.

ಕಡ್ಡಿ


ಜುಲೈ ೧೦

ರೀ,

ಬೆಳಗ್ಗೆ ಆಫೀಸಿನ ಫೋನಿನಲ್ಲಿ ಬೈದದ್ದು ಸಾಕಾಗಲಿಲ್ಲ. ಗುಮಾಸ್ತರು ಕಿವಿ ನಿಮಿರಿಸಿ ಕೂತಿದ್ದರು, "ಇವತ್ತೇ ಕರ್ಕೊಂಡು ಹೋಗಿ, ಈಗ್ಲೇ" ಎಂದಷ್ಟೇ ಹೇಳಿದೆ. ಉಳಿದದ್ದು ಇಲ್ಲಿದೆ.

ಹದಿಮೂರು ವರ್ಷದ ಹುಡುಗಿಯನ್ನು ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳುವವರು ನೀವು ಅಪ್ಪನೋ, ಹೋಟೆಲಿನ ಮಾಣಿಯೋ? ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಯಾವ ಮಗು ಹೇಳುತ್ತದೆ? ಕೀವು ತಲೆಗೇರಿದ್ದರೆ ಆಗಲೂ ನನಗೆ ಪತ್ರ ಹಾಕಿ, ಉತ್ತರ ಬರಲಿ ಎಂದು ಕಾಯುತ್ತಿದ್ದಿರಾ?

ಕ್ರೇನಿನ ಕೆಲಸದಲ್ಲಿ ಒಂದು ನಿಯಮವಿದೆ. ಮೇಲೆತ್ತು, ಕೆಳಗಿಳಿಸು, ಎಡಕ್ಕೆ ತಿರುಗಿಸು ಎಂಬ ಸನ್ನೆಗಳನ್ನು ಕೆಳಗೆ ನಿಂತ ಸನ್ನೆಯವನು ಒಬ್ಬನೇ ಕೊಡಬೇಕು. ಆದರೆ ನಿಲ್ಲಿಸು ಎಂಬುದನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು. ಗುಡಿಸುವವನು ಕೈ ಎತ್ತಿದರೂ ನಾನು ನಿಲ್ಲಿಸಲೇಬೇಕು. ನಮ್ಮ ಮನೆಯಲ್ಲಿ ಮೂರು ಜನ ಇದ್ದಿರಿ. ಮಗುವಿನ ಕೆನ್ನೆ ಊದುವುದನ್ನು ನೋಡುತ್ತಾ ಒಬ್ಬರೂ ಕೈ ಎತ್ತಲಿಲ್ಲ.

ನಾನಿಲ್ಲದೆ ಬದುಕುವುದನ್ನು ನೀವು ಕಲಿಯುತ್ತೀರಿ ಎಂದುಕೊಂಡಿದ್ದೆ. ನೀವು ಕಾಯುವುದನ್ನು ಕಲಿತಿರಿ. ಮನೆ ನಿಂತದ್ದೇನೋ ನಿಜ, ಕೆಟ್ಟು ನಿಂತ ಗೋಡೆ ಗಡಿಯಾರದ ಹಾಗೆ. ಸಹಿ ಹಾಕುವುದಿಲ್ಲ. ಇದೇ ಉತ್ತರ. ತರಬೇತಿ ಮುಗಿದ ಮೇಲೆ ಬಂದು ಗೇಟಿನ ಕುರ್ಚಿಯಲ್ಲಿ ಕೂರುತ್ತೇನೆ. ನಿಮ್ಮ ದೀಪ ಹಳದಿಯೋ ಬಿಳಿಯೋ ಹೇಳಲು ಒಬ್ಬರು ಸಿಕ್ಕರಲ್ಲ, ಸಂತೋಷಪಡಿ.

ಇವಳು


ಜುಲೈ ೧೩

ಇವಳೇ,

ಮೊದಲು ಹಲ್ಲಿನ ವಿಷಯ. ನಿನ್ನ ಫೋನು ಬರುವ ಹೊತ್ತಿಗೆ ನಾನು ಚಪ್ಪಲಿ ಹಾಕಿಕೊಂಡಾಗಿತ್ತು, ನೀನು ಹೇಳಲು ಬಿಡಲಿಲ್ಲ. ಕಡ್ಡಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅಳುತ್ತಿದ್ದಳು, ನಾನು ಅವಳನ್ನು ಏನೂ ಕೇಳಲಿಲ್ಲ, ಎತ್ತಿಕೊಂಡು ಹೊರಟೆ. ಡಾಕ್ಟರು ಕೀವು ತೆಗೆದರು. ಆಮೇಲೆ ನನ್ನನ್ನು ಕೇಳಿದರು, "ಕಿತ್ತುಬಿಡೋಣ್ವಾ, ಉಳಿಸೋಣ್ವಾ? ಕಿತ್ರೆ ಇವತ್ತೇ ಮುಗಿಯುತ್ತೆ, ಉಳಿಸ್ಬೇಕಂದ್ರೆ ನಾಲ್ಕೈದು ಸಲ ಬರ್ಬೇಕು." ನಾನು ಇಡೀ ಜನ್ಮ ಜನರನ್ನು ಕೇಳಿದ ಪ್ರಶ್ನೆಯನ್ನೇ ಅವರು ನನಗೆ ಕೇಳಿದರು. ಬೆವರಿಹೋದೆ. ಉಳಿಸಿ ಎಂದೆ. ಪ್ರತಿ ಮಂಗಳವಾರ ಅಂಗಡಿ ಮುಚ್ಚಿ ನಾನೇ ಕರೆದುಕೊಂಡು ಹೋಗುತ್ತೇನೆ. ಕೀಳಿಸಬೇಕಿತ್ತು ಎಂದು ನೀನು ಹೇಳುವುದಾದರೆ ಹೇಳು, ಹಲ್ಲಂತೂ ಅಲ್ಲೇ ಇರುತ್ತದೆ.

ತಪ್ಪು ನನ್ನದು. ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೂ ಸಿಟ್ಟು ಬರುತ್ತದೆ ಎಂದು ನಿನಗೆ ಗೊತ್ತಿರಲಿ. ಮದುವೆಯಾದ ಹೊಸದರಲ್ಲಿ ನಾನು ಪರದೆ ತಂದೆ, ಬಣ್ಣ ಮಂಕು ಎಂದು ನೀನು ವಾಪಸು ಕೊಟ್ಟು ಬಂದೆ. ಮಂಚವನ್ನು ಕಿಟಕಿಯ ಹತ್ತಿರ ಹಾಕಿದೆ, ಸಂಜೆ ನೀನು ಬಂದು ಗೋಡೆಗೆ ತಳ್ಳಿದೆ. ಕಡ್ಡಿಗೆ ಕೊಡೆ ತಂದರೆ ಅದೂ ದೊಡ್ಡದಾಯಿತು. ನಾನು ಅಡ್ಡಗೋಡೆಯ ಮೇಲೆ ದೀಪ ಇಡುತ್ತೇನೆ ಎಂದು ಕಡ್ಡಿಗೆ ಬರೆದೆಯಂತೆ. ಯಾವ ಕಡೆ ಇಟ್ಟರೂ ಊದಿ ಆರಿಸುವವಳು ನೀನು, ಎಲ್ಲಿ ಇಡಲಿ ಹೇಳು. ತೀರ್ಮಾನ ಮಾಡಿ ಬೈಸಿಕೊಳ್ಳುವುದಕ್ಕಿಂತ ಮಾಡದೆ ಬೈಸಿಕೊಳ್ಳುವುದು ಕಡಿಮೆ ಶ್ರಮ ಎಂದು ಎಂದೋ ಕಲಿತೆ. ಹೇಗಿದ್ದರೂ ಬೈಗುಳ ಒಂದೇ, ಅಳಿಯ ಅಲ್ಲ, ಮಗಳ ಗಂಡ.

ಕ್ರೇನಿನ ನಿಯಮ ಹೇಳಿದ್ದೀಯ. ಭಾರ ಗಾಳಿಯಲ್ಲಿ ನೇತಾಡುತ್ತಿರುವಾಗ ನಡೆಸುವವರು ಕ್ಯಾಬಿನ್ ಬಿಟ್ಟು ಇಳಿಯಬಾರದು ಎಂಬ ಇನ್ನೊಂದು ನಿಯಮವನ್ನೂ ನೀನೇ ಹೇಳಿದ್ದೆ. ಬರುತ್ತೀಯೋ ಹೋಗುತ್ತೀಯೋ ಗೊತ್ತಿಲ್ಲದೆ ನಮ್ಮನ್ನು ನೇತುಹಾಕಿ ಇಳಿದು ಹೋದದ್ದು ಯಾರು? ಪರೀಕ್ಷೆಯಂತೆ. ಪರೀಕ್ಷೆ ಇಟ್ಟರೆ ಜನ ಕಾಪಿ ಹೊಡೆಯುತ್ತಾರೆ. ಎಲ್ಲ ಚೆನ್ನಾಗಿದೆ ಎಂದು ನಾನು ಬರೆದದ್ದು ಅದೇ.

ಕಂಪನಿಯ ಪತ್ರ ಬಂದ ದಿನ ನೀನು ಬಂದರಿನಿಂದ ಅಂಗಡಿಯವರೆಗೆ ಓಡಿಬಂದೆ. ಇಷ್ಟು ವರ್ಷದಲ್ಲಿ ನೀನು ಓಡಿದ್ದನ್ನು ನಾನು ನೋಡಿರಲಿಲ್ಲ. ನೀನು ಹೋಗಬೇಕು ಎಂದು ನನಗೆ ಆಸೆ. ಹೋಗಬಾರದು ಎಂದೂ ಅಷ್ಟೇ ಆಸೆ. ಎರಡನ್ನೂ ಹೇಳಿದ್ದೇನೆ, ಇದನ್ನೂ ಅಡ್ಡಗೋಡೆ ಎನ್ನಬೇಡ. ಸಹಿ ನಿನ್ನ ಕೈಯದು, ನಾನು ಕೇಳುವುದಿಲ್ಲ. ಉಳಿದಿರುವ ವಾರಗಳಲ್ಲಿ ಈ ಮನೆಯಲ್ಲಿ ಏನು ಮಾಡುತ್ತೇನೆಂದು ನೀನೂ ಕೇಳಬೇಡ. ನಾಳೆ ನಲ್ಲಿಯವನು ಬರುತ್ತಾನೆ.

ಇವನು


ಜುಲೈ ೨೨

ಕ್ರೇನಮ್ಮಾ,

ಇದು ನಾನು. ಬರೆಯುತ್ತಿರುವುದು ನಿನ್ನ ಮಗಳು, ಹೇಳುತ್ತಿರುವುದು ನಾನು. ಒಂದು ವಾರ ಆಯಿತು, ನಿನ್ನಿಂದ ಒಂದು ಸಾಲಿಲ್ಲ. ಸಿಟ್ಟಿದ್ದರೆ ಗಂಡನ ಮೇಲೆ ಇಟ್ಟುಕೋ, ನಾನೇನು ಮಾಡಿದೆ? ಅವನಿಗೆ ಮೊದಲ ದಿನವೇ ಹೇಳಿದೆ, ಮಗು ಬಾಯಿ ಹಿಡ್ಕೊಂಡು ಕೂತಿದೆ ನೋಡೋ ಅಂತ. ಎಮ್ಮೆ ಮೇಲೆ ಮಳೆ ಹುಯ್ದ ಹಾಗಾಯಿತು.

ಈಗ ನೋಡಿದರೆ ಅವನಿಗೆ ದೆವ್ವ ಹೊಕ್ಕಿದೆ. ಬೆಳಗಾದರೆ ಒಂದು ತೀರ್ಮಾನ. ನಲ್ಲಿ ಹೊಸದು. ದೀಪ ಹಾಕಿಸಿದ, ಒಂದು ಹಳದಿ ಒಂದು ಬಿಳಿ, ಎರಡೂ ಇರಲಿ ಎಂದ, ಮನೆ ಅರ್ಧ ಮದುವೆ ಮನೆ, ಅರ್ಧ ಆಸ್ಪತ್ರೆ ಆಗಿದೆ. ಪಕ್ಕದ ಮನೆಯವನಿಗೆ ಗೋಡೆ ಹಿಂದಕ್ಕೆ ಕಟ್ಟು ಎಂದು ಕೂಗಾಡಿ ಬಂದ. ಒಳಗೆ ಬಂದವನಿಗೆ ನೀರು ಕೊಟ್ಟೆ, ಎರಡು ಲೋಟ ಕುಡಿದ. ಗೋಡೆ ಹಿಂದಕ್ಕೆ ಹೋಯಿತು, ಆದರೆ ಅವರ ಮನೆಯಿಂದ ಬರುತ್ತಿದ್ದ ಪೇಪರು ನಿಂತುಹೋಯಿತು. ನನ್ನ ಕಿವಿಯನ್ನು ಡಾಕ್ಟರಿಗೆ ತೋರಿಸಿದ. ಒಂದು ಯಂತ್ರ ಕೊಟ್ಟಿದ್ದಾರೆ, ಹಾಕಿಕೊಂಡರೆ ನಿನ್ನ ಮಗಳು ತಿನ್ನುವ ಸದ್ದೂ ಕೇಳುತ್ತದೆ. ಹೌದು, ತಿನ್ನುತ್ತಿದ್ದಾಳೆ. ಒಲೆಯನ್ನು ಕಿಟಕಿಯ ಕೆಳಗೆ ಹಾಕಿಸಿದ್ದಾನೆ, ಡಬ್ಬಗಳನ್ನೆಲ್ಲ ಜಾಗ ಬದಲಾಯಿಸಿದ್ದಾನೆ. ನೀನು ಬಂದು ಕೂಗುತ್ತೀಯ ಎಂದೆ. "ಕೂಗ್ಲಿ ಬಿಡಮ್ಮ" ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಇವನೇನಾ ಎನಿಸಿತು.

ನನಗೆ ವಯಸ್ಸಾಗಿದೆ, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನೀನು ಇಲ್ಲದಿದ್ದರೆ ಮನೆಯಲ್ಲಿ ನನ್ನ ಜೊತೆ ಜಗಳವಾಡುವವರಿಲ್ಲ, ಬೇಜಾರು. ಹೋಗುವುದಾದರೆ ಹೋಗು, ಇರುವುದಾದರೆ ಇರು. ಮೂಗು ಮುರಿದುಕೊಂಡು ಗೇಟಿನಲ್ಲಿ ಕೂತು ದಿನಾ ಸಂಜೆ ನಮ್ಮ ಮೇಲೆ ಹಾರುವುದಾದರೆ ಮಾತ್ರ ದಯವಿಟ್ಟು ಹೋಗು.

ಅತ್ತೆ

(ಅಜ್ಜಿ ಅತ್ತರು. ಬರೆಯಬೇಡ ಎಂದರು. ಕಡ್ಡಿ)


ಜುಲೈ ೨೯

ರೀ,

ಸಹಿ ಹಾಕಿದೆ. ಶುಕ್ರವಾರ ಬರುತ್ತೇನೆ, ಎರಡು ವಾರ ಇರುತ್ತೇನೆ. ಬಸ್‌ಸ್ಟ್ಯಾಂಡಿಗೆ ಯಾರೂ ಬರುವುದು ಬೇಡ. ಬರುವುದಾದರೆ ಎಲ್ಲರೂ ಬನ್ನಿ.

ಇವಳು


ಆಗಸ್ಟ್ ೧೭

ರೀ,

ಹೆಲಿಕಾಪ್ಟರು ಹೊರಟಿಲ್ಲ. ಕಡಲ ಮೇಲೆ ಮಂಜು ಬಿದ್ದಿದೆಯಂತೆ, ಬೆಳಗ್ಗೆಯಿಂದ ಕಾಯುವ ಕೋಣೆಯಲ್ಲಿ ಕೂರಿಸಿದ್ದಾರೆ. ಕಿತ್ತಳೆ ಬಣ್ಣದ ರಬ್ಬರು ಉಡುಪು ಹಾಕಿಸಿದ್ದಾರೆ, ಕುತ್ತಿಗೆ ಬಿಗಿಯುತ್ತದೆ, ಇನ್ನೊಬ್ಬಳು ಹಿಡಿಸುವಷ್ಟು ಸೊಂಟದಲ್ಲಿ ಜಾಗವಿದೆ. ಪಕ್ಕದಲ್ಲಿ ಅಡುಗೆಯವಳು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾಳೆ. ಮೊದಲ ಸಲ ಹೋಗುವವರನ್ನು ನೋಡಿದರೆ ಗೊತ್ತಾಗುತ್ತದೆ, ನಾವು ಗೋಡೆಯ ಮೇಲಿನ ಗಡಿಯಾರವನ್ನೇ ನೋಡುತ್ತೇವೆ. ಬೇರೆ ಕೆಲಸವಿಲ್ಲದ್ದರಿಂದ ಎರಡು ವಾರ ಹೇಳದೆ ನುಂಗಿದ್ದನ್ನು ಬರೆಯುತ್ತಿದ್ದೇನೆ.

ಬಂದ ದಿನ ಟೀ ಮಾಡೋಣವೆಂದು ಅಡುಗೆಮನೆಗೆ ಹೋದೆ. ಸೋಸುವ ಜಾಲರಿ ಸಿಗಲಿಲ್ಲ. ಸಕ್ಕರೆಯೆಂದು ತೆರೆದ ಡಬ್ಬದಲ್ಲಿ ಉಪ್ಪಿತ್ತು. ಕಡ್ಡಿ ಬಂದು, "ಬಿಡಮ್ಮ, ನೀನು ಕೂತ್ಕೋ, ನಾನ್ ಮಾಡ್ತೀನಿ" ಎಂದಳು. ನೆಂಟರಿಗೆ ಹೇಳುವ ಹಾಗೆ, ಅಷ್ಟೇ ಮರ್ಯಾದೆಯಾಗಿ. ಕೂತೆ. ನನ್ನ ಮನೆಯಲ್ಲಿ ನಾನು ಕೈ ಕಟ್ಟಿಕೊಂಡು ಕೂತದ್ದು ಅದೇ ಮೊದಲು. ಒಲೆ ಕಿಟಕಿಯ ಕೆಳಗೆ ಇದ್ದರೆ ಹೊಗೆ ಹೊರಗೆ ಹೋಗುತ್ತದೆ, ಬೆಳಕೂ ಚೆನ್ನಾಗಿ ಬೀಳುತ್ತದೆ. ಇಷ್ಟು ವರ್ಷ ನನಗೆ ಅದು ಹೊಳೆಯಲಿಲ್ಲ ಎಂಬುದೇ ನನಗೆ ಸಿಟ್ಟು. ಬೈಯೋಣವೆಂದರೆ ಅದಕ್ಕೂ ಜಾಗ ಬಿಡಲಿಲ್ಲ ನೀವು.

ಆಮೇಲೆ ಮಾಡಲು ಕೆಲಸ ಹುಡುಕಿದೆ. ಕಡ್ಡಿಗೆ ಹೊಸ ಬೂಟು ಬಂದಿತ್ತು. ಬೀರು ಜೋಡಿಸಿಯಾಗಿತ್ತು. ಮಂಗಳವಾರ ಹಲ್ಲಿನ ಡಾಕ್ಟರ ಹತ್ತಿರ ನಾನು ಕರೆದುಕೊಂಡು ಹೋಗುತ್ತೇನೆ ಎಂದರೆ, ಕಡ್ಡಿ ನಿಮ್ಮ ಮುಖ ನೋಡಿದಳು. "ಅಪ್ಪನಿಗೆ ಅಭ್ಯಾಸ ಆಗಿದೆ ಅಮ್ಮ" ಎಂದಳು. ನೀವಿಬ್ಬರೂ ಹೋದಿರಿ, ನಾನು ಅತ್ತೆಯ ಜೊತೆ ಕೂತೆ. ಅತ್ತೆ ಜಗಳಕ್ಕೂ ಬರಲಿಲ್ಲ, ಕಿವಿಯ ಯಂತ್ರ ತೆಗೆದು ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡು ಕೂತರು. ನಾನು ಏನು ಹೇಳಿದರೂ ಕೇಳಿಸಬಾರದು ಎಂದೇ ತೆಗೆದದ್ದು. ಹಾಗಾಗಿ ಹೇಳಿದೆ. ನನಗೆ ಹೋಗಲು ಭಯ ಎಂದು ಹೇಳಿದೆ. ನಾನು ಸಹಿ ಹಾಕಿದ್ದು ಮನೆ ನಿಂತಿತು ಎಂದಲ್ಲ, ಆ ಕ್ರೇನಿನ ಮೇಲೆ ಕೂರಬೇಕು ಎಂದು ಆಸೆಯಾಗಿ, ಮನೆಯ ನೆಪ ಸುಮ್ಮನೆ ಎಂದೂ ಹೇಳಿದೆ. ನಿಮಗೆ ಎದುರಿಗೆ ಹೇಳಲು ಆಗಲಿಲ್ಲ, ನೀವು ಯಾಕೆ ಸಹಿ ಹಾಕಿದೆ ಎಂದು ಕೇಳಲೇ ಇಲ್ಲ. ಕೇಳುವುದಿಲ್ಲ ಎಂದು ಬರೆದಿದ್ದಿರಿ, ಆದರೂ ಮಾತಿಗೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತೀರಿ ಎಂದುಕೊಂಡಿರಲಿಲ್ಲ.

ಅಡುಗೆಯವಳು ನಿದ್ದೆಗೆ ಜಾರುವ ಮೊದಲು ಅವಳಿಗೆ ಇದನ್ನು ಹೇಳಿದೆ. ಜಗಳವೂ ಇಲ್ಲ, ಕೆಲಸವೂ ಇಲ್ಲ, ಎಲ್ಲ ಮುಗಿಸಿ ಇಟ್ಟಿದ್ದರು ಎಂದೆ. ಪುಣ್ಯ ಮಾಡಿದೀಯ ಎನ್ನುತ್ತಾಳೆ ಎಂದುಕೊಂಡೆ. ಅವಳು, "ಅಯ್ಯೋ ಪಾಪ" ಎಂದಳು.

ಈಗ ಹೆಸರು ಕೂಗುತ್ತಿದ್ದಾರೆ, ಮಂಜು ಸರಿಯಿತಂತೆ. ಬೇಗ ಮುಗಿಸುತ್ತೇನೆ. ಎಲ್ಲವನ್ನೂ ನನ್ನ ತಲೆಗೆ ಕಟ್ಟಬೇಡಿ, ಯಾವುದಕ್ಕೂ ಕಾಯಬೇಡಿ ಎಂದು ಬೈದು ಬೈದು ನಿಮ್ಮ ತಲೆ ತಿಂದವಳು ನಾನೇ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಡಾಕ್ಟರು, ಗೋಡೆ, ಚಿತ್ರಕಲೆ, ಎಲ್ಲವನ್ನೂ ನೀವೇ ಮಾಡಿ, ತಪ್ಪಾದರೂ ಮಾಡಿ. ಆದರೆ ನಾನು ಬರುವ ಹೊತ್ತಿಗೆ ಒಂದು ಕೆಲಸ, ಒಂದೇ ಒಂದು, ನಾನು ಬಂದ ಮೇಲೆ ಎಂದು ಬಾಕಿ ಇಡಿ. ಯಾವುದು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಇವಳು